ಪಟ್ಟಿ ಬೇಡ, ನೀವು ಬನ್ನಿ

ಹೊಸನಗರದಲ್ಲಿ ಮುಕುಂದಯ್ಯನವರ ಮಿಡಿ ಉಪ್ಪಿನಕಾಯಿ ಘಟಕ ಇದೆಯಲ್ಲ, ನಮ್ಮ ಮಹಿಳಾ ಸಂಘದ ಆಶಾ ಆರು ವರ್ಷ ಅಲ್ಲಿ ದುಡಿದವಳು. ಮಾವಿನ ಮಿಡಿಯನ್ನು ಬೆರಳಲ್ಲಿ ಒತ್ತಿದರೆ ಸಾಕು, ಇನ್ನೆಷ್ಟು ದಿನ ಉಪ್ಪಿನಲ್ಲಿ ಇರಬೇಕು ಅಂತ ಹೇಳಿಬಿಡುತ್ತಾಳೆ. ಆದರೂ ಕೂಲಿಯವಳಾಗಿಯೇ ಉಳಿದಿದ್ದಳು. ನಮಗೆಲ್ಲ ಸಂಕಟ.

ಈ ಸಲ ಮಿಡಿ ಕಾಲಕ್ಕೆ ತೀರ್ಥಹಳ್ಳಿಯ ಉಪ್ಪಿನಕಾಯಿ ವ್ಯಾಪಾರಿ ಹೇರಂಬ ಅವಳಿಗೆ ಫೋನ್ ಮಾಡಿದ. "ಮೇಳಿಗೆಯಲ್ಲಿ ಹೊಸ ಘಟಕ ತೆರೀತಿದೀನಿ. ನೀವೇ ಮೇಲ್ವಿಚಾರಕಿ. ಸೋಮವಾರವೇ ಬನ್ನಿ. ಜೊತೆಗೆ ಈಗ ನಿಮ್ಮ ಜೊತೆ ದುಡಿಯೋ ನಾಲ್ಕು ಹೆಂಗಸರನ್ನ ಕರ್ಕೊಂಡು ಬನ್ನಿ. ಮುಕುಂದಯ್ಯನವರ ಮಾಲು ತಗೊಳ್ಳೋ ಅಂಗಡಿಯವರ ನಂಬರ್ ಪಟ್ಟಿನೂ ಕಳ್ಸಿ."

ಆಶಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆರ್ಡರ್ ಬರೆದುಕೊಳ್ಳಲೆಂದು ಅವಳ ಫೋನಿನಲ್ಲೇ ಇದ್ದ ಪಟ್ಟಿಯನ್ನು ಕಳಿಸಲು ಕೂತೇಬಿಟ್ಟಳು. ಅಷ್ಟರಲ್ಲಿ ಪಕ್ಕದ ಮನೆಯ ಜಿನಶ್ರೀ ಬಂದಳು. ಸಾಗರದ ಕೋರ್ಟಿನಲ್ಲಿ ವಕೀಲೆ ಅವಳು. ವಿಷಯ ಕೇಳಿದ್ದೇ ತಡೆದಳು.

"ತಡಿ ಮಾರಾಯ್ತಿ! ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದ ಮೊದ್ಲು ತಗೊಂಡು ಬಾ."

ಅತ್ತೆ ಶೇಷಮ್ಮನಿಗೆ ರೇಗಿತು. "ಎಂಥ ಕಾಗ್ದ? ನಾವು ಅಡಿಕೆ ಸುಲಿಯಕ್ಕೆ ಹೋಗುವಾಗ ಒಬ್ಳು ಬೇರೆ ಮನೆಗೆ ಹೋದ್ರೆ ಗುಂಪೇ ಹಿಂದೆ ಹೋಗ್ತಿತ್ತು. ಯಾರು ಕೇಸ್ ಹಾಕಿದ್ರು?"

ಆಶಾ ತಂದ ಕಾಗದವನ್ನು ಜಿನಶ್ರೀ ಬಿಡಿಸಿ ಓದಿದಳು. "ಆಗ ಯಾರೂ ಸಹಿ ಹಾಕಿರ್ಲಿಲ್ಲ ಶೇಷಮ್ಮ. ಇಲ್ಲಿ ನೋಡಿ, ಬಿಡೋಕೆ ಒಂದು ತಿಂಗಳು ಮೊದ್ಲು ಹೇಳ್ಬೇಕು. ಗಿರಾಕಿ ಪಟ್ಟಿ, ಮಸಾಲೆ ಅಳತೆ ಹೊರಗೆ ಕೊಡಂಗಿಲ್ಲ. ಜೊತೆಯವರನ್ನ ಎಬ್ಬಿಸ್ಕೊಂಡು ಹೋಗಂಗಿಲ್ಲ. ಮುರಿದ್ರೆ ನಷ್ಟ ಕಟ್ಟಿಕೊಡು ಅಂತ ಆಶಾ ಮೇಲೆ ಕೇಸ್ ಹಾಕ್ಬಹುದು. ಗೊತ್ತಿದ್ದೂ ಮುರಿಸಿದ್ರೆ ಹೇರಂಬನ ಮೇಲೂ."

ಆಶಾಳ ಮುಖ ಸಪ್ಪಗಾಯಿತು. "ಕೊನೇಲಿ ಇನ್ನೊಂದಿದೆ ಅಕ್ಕ. ಬಿಟ್ಟ ಮೇಲೆ ಎರಡು ವರ್ಷ ಬೇರೆ ಯಾವ ಉಪ್ಪಿನಕಾಯಿ ಘಟಕಕ್ಕೂ ಸೇರಬಾರ್ದಂತೆ. ಹಂಗಾರೆ ನಂಗೆ ಇದೇ ಗತಿಯಾ?"

"ಅದಕ್ಕೆ ಹೆದರ್ಬೇಡ. ಬಿಟ್ಟ ಮೇಲೂ ಬೇರೆ ಕಡೆ ದುಡೀಬೇಡ ಅನ್ನೋ ಷರತ್ತು ನಮ್ಮ ಕೋರ್ಟಲ್ಲಿ ಸಾಮಾನ್ಯವಾಗಿ ನಿಲ್ಲಲ್ಲ. ಕೈಕಸುಬು ನಿಂದು. ಪಟ್ಟಿ ಅವರದು."

ಆಶಾ ಆ ಕ್ಷಣವೇ ಹೇರಂಬನಿಗೆ ಫೋನ್ ಮಾಡಿ ಹೇಳಿದಳು: "ಒಂದು ತಿಂಗಳು ಬಿಟ್ಟು ಬರ್ತೀನಿ. ಒಬ್ಳೇ ಬರ್ತೀನಿ. ಪಟ್ಟಿ ತರಲ್ಲ." ಆತ "ಯೋಚ್ನೆ ಮಾಡ್ತೀನಿ" ಅಂತ ಫೋನ್ ಇಟ್ಟ. ಮೂರು ದಿನ ಸುದ್ದಿಯಿಲ್ಲ. "ಮನೆ ಬಾಗ್ಲಿಗೆ ಬಂದಿದ್ದನ್ನ ಕಳ್ಕೊಂಡ್ಯಲ್ಲೇ" ಎಂದು ಶೇಷಮ್ಮ ಗೊಣಗಿದ್ದೇ ಗೊಣಗಿದ್ದು. ನಾಲ್ಕನೇ ದಿನ ಫೋನ್ ಬಂತು. "ನಮ್ಮ ವಕೀಲರೂ ಅದನ್ನೇ ಅಂದ್ರು. ಪಟ್ಟಿ ಬೇಡ, ನೀವು ಬನ್ನಿ. ತಿಂಗಳು ಕಾಯ್ತೀನಿ."

ನೋಟಿಸ್ ಕೊಟ್ಟಾಗ ಮುಕುಂದಯ್ಯ ಕೂಗಾಡಿದರು. "ಎರಡು ವರ್ಷ ನೀನು ಮಿಡಿ ಮುಟ್ಟಂಗಿಲ್ಲ!"

"ಒಬ್ಬ ವಕೀಲರನ್ನ ಕೇಳಿ ನೋಡಿ ಅಯ್ಯಾ" ಎಂದಳು ಆಶಾ. ತಿಂಗಳು ಪೂರ್ತಿ ಚೆನ್ನಾಗಿ ದುಡಿದಳು. ಕೊನೆಯ ದಿನ ಅವರೆದುರೇ ಫೋನಿನ ಪಟ್ಟಿ ಅಳಿಸಿದಳು. ಅಷ್ಟು ಹೊತ್ತಿಗೆ ಮುಕುಂದಯ್ಯನವರೂ ವಕೀಲರನ್ನು ಕೇಳಿ, ಆ ಎರಡು ವರ್ಷದ ಷರತ್ತು ನಿಲ್ಲುವುದಿಲ್ಲ ಅಂತ ತಿಳಿದುಕೊಂಡಿದ್ದರು. ಅನುಭವ ಪತ್ರ ಬರೆದುಕೊಟ್ಟರು.

ಈಗ ಮೇಳಿಗೆಯ ಘಟಕದಲ್ಲಿ ನಮ್ಮ ಆಶಾಳೇ ಮೇಲ್ವಿಚಾರಕಿ! ಹೇಳಿಕೊಳ್ಳಲು ನಮಗೆ ಹೆಮ್ಮೆ. ಮೊನ್ನೆ ಕೆಲಸ ಕೇಳಿಕೊಂಡು ಮನೆಗೆ ಬಂದ ಹುಡುಗಿಯನ್ನು ಶೇಷಮ್ಮ ಬಾಗಿಲಲ್ಲೇ ನಿಲ್ಲಿಸಿ ಕೇಳಿದರಂತೆ, "ಹಳೇ ಕಡೆ ನೋಟಿಸ್ ಕೊಟ್ಟು ಬಂದ್ಯೇನೇ?"

ಅಕ್ಕತಂಗಿಯರೇ, ಕೆಲಸ ಬದಲಿಸುವುದು ನಿಮ್ಮ ಹಕ್ಕು. ಆದರೆ ಸಹಿ ಹಾಕಿದ ಕಾಗದವನ್ನು ಮೊದಲು ಓದಿಸಿ. ಘಟಕ ನಡೆಸುವವರೇ, ಕೆಲಸಗಾರರನ್ನು ಕರೆಯಿರಿ, ಅವರ ಹಳೆಯ ಧಣಿಯ ಗುಟ್ಟನ್ನಲ್ಲ. ಅನುಮಾನವಿದ್ದರೆ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಅಲ್ಲಿ ಸಲಹೆ ಉಚಿತ. ತಲೆ ಎತ್ತಿಕೊಂಡು ಹೊರಡಿ, ಆಶಾ ಹೊರಟ ಹಾಗೆ.