ಮೇಲಿನಿಂದ ಹಾಕಿದ ನೀರು

ನಮ್ಮ ಆಶ್ರಮದ ದಾಖಲಾತಿ ಪುಸ್ತಕದಲ್ಲಿ ಹೆಸರು, ವಯಸ್ಸು, ಊರು ಎಲ್ಲ ಆದಮೇಲೆ ಕೊನೆಗೊಂದು ಕಾಲಂ ಇದೆ: 'ಇವರಿಗೆ ಯಾರಿದ್ದಾರೆ?' ಬಂದವರಲ್ಲಿ ಮುಕ್ಕಾಲು ಜನ ಅಲ್ಲಿಗೆ ಬಂದಾಗ ತಲೆ ತಗ್ಗಿಸುತ್ತಾರೆ. ಆಗ ಲೂರ್ದು ಸಿಸ್ಟರ್ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ತಮ್ಮ ಹೆಸರನ್ನೇ ಬರೆಯುತ್ತಾರೆ. ಆ ಕಾಲಂ ಖಾಲಿ ಬಿಡಬಾರದು ಎನ್ನುವುದು ಇಲ್ಲಿಯ ಪದ್ಧತಿ. ಹೆಸರು ಬರೆದವರು ಕೊನೆಯವರೆಗೂ ಆ ಮನುಷ್ಯರ ಸಂಬಂಧಿಕರು. ಸತ್ತರೆ ಮೈ ತೊಳೆಯುವುದೂ ಅವರದೇ ಕೆಲಸ. ಬಾಗಲೂರಿನಾಚೆಯ ಈ ಎಚ್‌ಐವಿ ರೋಗಿಗಳ ಮನೆಯಲ್ಲಿ, ಅರವತ್ತು ದಾಟಿದ ಆ ಕನ್ಯಾಸ್ತ್ರೀ ಇನ್ನೂರಕ್ಕೂ ಹೆಚ್ಚು ಜನರಿಗೆ ಹೀಗೆ ಅಕ್ಕನೋ ತಾಯಿಯೋ ಮಗಳೋ ಆಗಿದ್ದಾರೆ.

"ಎಲ್ಲಾರ್ಗೂ ನೀವೇನಾ ಸಿಸ್ಟರ್?" ಎಂದು ನಾನೊಮ್ಮೆ ಕೇಳಿದ್ದೆ, ಸ್ವಲ್ಪ ವ್ಯಂಗ್ಯವಾಗಿಯೇ.

"ಯೇಸು ಕುಷ್ಠರೋಗೀನ ಮೊದ್ಲು ಮುಟ್ಟಿದ್ರು ಕಣಮ್ಮ, ಆಮೇಲೆ ವಾಸಿ ಮಾಡಿದ್ರು. ವಾಸಿ ಮಾಡೋಕೆ ನಂಗೆ ಬರಲ್ಲ. ಮೊದಲ್ನೇದು ಬರುತ್ತೆ."

ನಾನು ಇಲ್ಲಿಯ ಗುಮಾಸ್ತೆ, ಪ್ರತಿಭಾ. ಬಾಗಲಕೋಟೆ ಕಡೆಯವಳು, ಮದುವೆಯಾಗಿ ಯಲಹಂಕ ಸೇರಿದವಳು. ಹಣೆಗೆ ವಿಭೂತಿ ಹಚ್ಚಿಕೊಂಡೇ ಆರು ವರ್ಷದಿಂದ ಕೆಲಸಕ್ಕೆ ಬರುತ್ತಿದ್ದೇನೆ, ಯಾರೂ ಏನೂ ಅಂದಿಲ್ಲ. 'ಒಟ್ಟಿಗೆ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ ಈ ರೋಗ ಹರಡುವುದಿಲ್ಲ' ಎಂಬ ಪೋಸ್ಟರನ್ನು ಬಾಗಿಲಿಗೆ ಅಂಟಿಸಿದವಳು ನಾನೇ. ಆ ಆರು ವರ್ಷದಲ್ಲಿ ಇಲ್ಲಿಯ ಒಂದು ಲೋಟ ಚಹಾ ಕೂಡ ಕುಡಿಯದವಳೂ ನಾನೇ. ಮನೆಯಿಂದ ಫ್ಲಾಸ್ಕು ತರುತ್ತೇನೆ. ಪೋಸ್ಟರಿನ ಮಾತು ತಲೆಗೆ ಹೋಗಿತ್ತು, ಗಂಟಲಿಗೆ ಇಳಿದಿರಲಿಲ್ಲ. ಸಿಸ್ಟರ್‌ಗೆ ಇದು ಗೊತ್ತು. ಗೊತ್ತಿದ್ದೂ ಸುಮ್ಮನಿರುವ ಅವರ ಸ್ವಭಾವ ನನ್ನ ಮೈ ಉರಿಸುತ್ತಿತ್ತು.

ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ತಸ್ನೀಮ್ ಎಂಬ ಹೆಂಗಸು ಆಟೋದಲ್ಲಿ ಒಬ್ಬಳನ್ನು ಕರೆತಂದಳು. ಇಬ್ಬರೂ ಯಶವಂತಪುರದಲ್ಲಿ ಅಕ್ಕಪಕ್ಕದ ಮನೆಯವರಂತೆ.

"ಮಾತ್ರೆ ಡಬ್ಬ ನೋಡ್ಬಿಟ್ಟು ಓನರ್ ಮನೆ ಖಾಲಿ ಮಾಡ್ಸಿದ್ರು ಮೇಡಂ. ಮೂರು ದಿನ ನಾನಿಟ್ಕೊಂಡೆ. ಈಗ ಎದ್ದು ನಿಲ್ಲೋಕೂ ಆಗ್ತಿಲ್ಲ ಅವ್ರಿಗೆ."

ಬಂದವಳು ಕುರ್ಚಿಯಲ್ಲಿ ಕೂತಳು. ಮೂಳೆ, ಚರ್ಮ, ಕೆಮ್ಮು. ಗದ್ದದ ಮೇಲೆ ಮೂರು ಹಸಿರು ಹಚ್ಚೆಯ ಚುಕ್ಕೆ. ನನ್ನ ಪೆನ್ನು ಅಲ್ಲೇ ನಿಂತಿತು. ಚಿಕ್ಕವಳಿದ್ದಾಗ ಆ ಚುಕ್ಕೆಗಳನ್ನು ಬೆರಳಿನಿಂದ ಒಂದು, ಎರಡು, ಮೂರು ಎಂದು ಎಣಿಸುತ್ತ ನಾನು ನಿದ್ದೆ ಹೋಗುತ್ತಿದ್ದೆ. ಅವಳು ನನ್ನ ಚಿಗವ್ವ, ನನ್ನ ಕಾಕಾನ ಹೆಂಡತಿ ನೀಲಕ್ಕ. ಅವಳ ಚೀಲದಿಂದ ತಸ್ನೀಮ್ ಒಂದು ಸ್ಟೀಲ್ ಲೋಟ ತೆಗೆದು ಮೇಜಿನ ಮೇಲಿಟ್ಟಳು. ಅದರ ಮೇಲೆ ಚುಕ್ಕೆಚುಕ್ಕೆಯಾಗಿ ಕೊರೆಸಿದ ಹೆಸರು 'ಪಂಚಪ್ಪ'. ಅದು ನನ್ನ ಅಪ್ಪನ ಹೆಸರು.

ಇಪ್ಪತ್ತೆರಡು ವರ್ಷದ ಹಿಂದೆ ಕಾಕಾ ಈ ರೋಗದಿಂದ ಸತ್ತ. ಚಿಗವ್ವನಿಗೂ ಇದೆ ಎಂದು ಗೊತ್ತಾದ ದಿನವೇ ಅವಳನ್ನು ದನದ ಕೊಟ್ಟಿಗೆಗೆ ಹಾಕಿದರು. ನನಗಾಗ ಹನ್ನೊಂದು. ಅವಳಿಗೆ ನೀರು ಕೊಡುವ ಕೆಲಸ ನನ್ನದು. ಮೊಳದೆತ್ತರದಿಂದ ಹಾಕಬೇಕು, ತಾಗಬಾರದು ಎಂದು ಅವ್ವ ಹೇಳಿಕೊಟ್ಟಿದ್ದಳು. ಚಿಗವ್ವ ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತು ಬೊಗಸೆ ಒಡ್ಡುತ್ತಿದ್ದಳು, ನಾನು ಈ ಲೋಟದಿಂದ ಹಾಕುತ್ತಿದ್ದೆ. ಒಂದು ದಿನ ಅವಳ ಬೊಗಸೆಯಿಂದ ಹನಿ ಸಿಡಿದು ನನ್ನ ಪಾದಕ್ಕೆ ಬಿತ್ತು. ನಾನು ಚೀರಿ, ಲೋಟ ಅಲ್ಲೇ ಬಿಟ್ಟು ಓಡಿ, ಸೋಪು ಹಚ್ಚಿ ಮೂರು ಸಲ ಕಾಲು ತೊಳೆದೆ. ಅವಳು ಬೊಗಸೆ ಹಾಗೇ ಹಿಡಿದುಕೊಂಡು ನೋಡುತ್ತಿದ್ದಳು. ಮರುದಿನ ಅವಳೂ ಇರಲಿಲ್ಲ, ಲೋಟವೂ ಇರಲಿಲ್ಲ. ಯಾರೂ ಹುಡುಕಲಿಲ್ಲ. ಜ್ವರ ಬಂದು ತವರಿನಲ್ಲಿ ಸತ್ತಳು ಎಂದು ಊರಿಗೆ ಹೇಳಿದೆವು, ಮುಂದೆ ನನ್ನ ಗಂಡನ ಮನೆಗೂ ಅದನ್ನೇ ಹೇಳಿದೆವು.

"ನಿಮಗ್ಯಾರಿದ್ದಾರೆ?" ಎಂದು ಈಗ ಪುಸ್ತಕ ನೋಡುತ್ತಲೇ ಕೇಳಿದೆ. ಮುಖ ಎತ್ತುವ ಧೈರ್ಯ ಇರಲಿಲ್ಲ.

"ಯಾರೂ ಇಲ್ರಿ ಯವ್ವಾ."

ನನ್ನ ಕೊನೆಯ ತಂಗಿ ಶಿವಾನಿಗೆ ಗಂಡು ಗೊತ್ತಾಗಿತ್ತು. ಈ ಹೆಂಗಸು ನಮ್ಮವಳು ಎಂದರೆ ಆ ಸಂಬಂಧವೂ ಹೋಗುತ್ತದೆ, ಅತ್ತೆಮನೆಯಲ್ಲಿ ನನ್ನ ಮಾನವೂ ಹೋಗುತ್ತದೆ. ಇಷ್ಟು ಲೆಕ್ಕ ಹಾಕಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ ಎಂಬುದೇ ಇವತ್ತಿಗೂ ನಾಚಿಕೆ. ಪಕ್ಕದಲ್ಲಿ ನಿಂತಿದ್ದ ಸಿಸ್ಟರ್ ಕಡೆ ಪೆನ್ನು ಚಾಚಿದೆ. ಅವರು ಲೋಟದ ಮೇಲಿನ ಹೆಸರು ಓದಿದರು. ನನ್ನ ಕೆಲಸದ ಅರ್ಜಿಯನ್ನು ಇಟ್ಟುಕೊಂಡಿರುವವರು ಅವರೇ, ಅದರಲ್ಲಿ ತಂದೆಯ ಹೆಸರಿದೆ. ಪೆನ್ನಿನ ಮುಚ್ಚಳ ಹಾಕಿ ವಾಪಸ್ ಕೊಟ್ಟರು.

"ಇರ್ಲಿ ಪ್ರತಿಭಾ. ಇದೊಂದು ಆಮೇಲ್ ಬರೆಯೋಣ."

ಆ ಕಾಲಂ ಖಾಲಿಯೇ ಉಳಿಯಿತು. ಪುಸ್ತಕ ತೆರೆದರೆ ಆ ಪುಟವೇ ಕಣ್ಣಿಗೆ ಬೀಳುತ್ತಿತ್ತು. ಹತ್ತೊಂಬತ್ತು ದಿನ ವಾರ್ಡಿನ ಕಡೆ ನಾನು ತಲೆ ಹಾಕಲಿಲ್ಲ. ಆದರೆ ನೀರು ನನ್ನನ್ನು ಬಿಡಲಿಲ್ಲ. ಅಡುಗೆಮನೆಯಲ್ಲಿ ಯಾರೋ ಕೊಡ ಬಗ್ಗಿಸಿದರೆ, ಫಿಲ್ಟರಿನಿಂದ ಹನಿ ಬಿದ್ದರೆ, ಮೇಲಿನಿಂದ ಬೊಗಸೆಗೆ ನೀರು ಬೀಳುವ ಸದ್ದೇ ಕೇಳುತ್ತಿತ್ತು. ಯಲಹಂಕದ ಮನೆಯಲ್ಲಿ ಕೂತಲ್ಲಿಂದ ಎದ್ದು ಹೋಗಿ ನಲ್ಲಿ ನೋಡುತ್ತಿದ್ದೆ, ಅದು ಬಿಗಿಯಾಗಿ ಮುಚ್ಚಿರುತ್ತಿತ್ತು. ಬಸ್ಸಿನಲ್ಲಿ ಕೂತರೆ ಪಾದ ಒದ್ದೆಯಾದಂತಾಗಿ ಬಗ್ಗಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನನ್ನ ಗಂಡ ವಿಜಯಕುಮಾರ್ "ಏನಾಗೇತಿ ನಿನಗ?" ಎಂದು ಕೇಳಿದರೆ ಅವರ ಮೇಲೇ ಹರಿಹಾಯುತ್ತಿದ್ದೆ. ಸಿಸ್ಟರ್ ಮೇಲಂತೂ ಸಿಟ್ಟು ಹೇಳತೀರದು. ಇನ್ನೂರು ಜನಕ್ಕೆ ಬರೆದವರಿಗೆ ಇನ್ನೊಬ್ಬಳಿಗೆ ಬರೆಯಲು ಏನು ಕಷ್ಟ?

ಇಪ್ಪತ್ತನೆಯ ದಿನ ಮಧ್ಯಾಹ್ನ ಸಿಸ್ಟರ್ ಹೆಬ್ಬಾಳದ ಆಸ್ಪತ್ರೆಗೆ ಹೋಗಿದ್ದರು, ಉಳಿದವರು ಊಟದಲ್ಲಿದ್ದರು. ವಾರ್ಡಿನಿಂದ ಯಾರೋ "ನೀಲಕ್ಕ ನೀರ್ ಕೇಳ್ತಿದಾರೆ" ಎಂದು ಕೂಗಿದರು. ಬೇರೆ ಯಾರೂ ಇರಲಿಲ್ಲ. ಹೋದೆ.

ಮಂಚದ ಪಕ್ಕ ಆ ಲೋಟವಿತ್ತು. ತುಂಬಿಸಿಕೊಂಡು ಹತ್ತಿರ ಹೋದೆ. ಅವಳು ಕಷ್ಟಪಟ್ಟು ಗೋಡೆಗೊರಗಿ ಕೂತು, ನನ್ನನ್ನು ನೋಡಿ, ಎರಡೂ ಕೈ ಸೇರಿಸಿ ಬೊಗಸೆ ಒಡ್ಡಿದಳು.

"ಮ್ಯಾಲಿಂದ ಹಾಕ ಪುಟ್ಟವ್ವ. ಸ್ವಲ್ಪ ಹಿಂದಕ ಸರಿ, ನಿನ್ನ ಕಾಲಿಗೆ ಸಿಡದೀತು."

ಪುಟ್ಟವ್ವ ಎಂದು ನನ್ನನ್ನು ಕರೆಯುತ್ತಿದ್ದವಳು ಅವಳೊಬ್ಬಳೇ. ಮೊದಲ ದಿನದಿಂದ ಅವಳಿಗೆ ಗೊತ್ತಿತ್ತು.

"ಹೆದರಬ್ಯಾಡ. ನಾ ಯಾರ ಮುಂದೂ ಹೇಳಿಲ್ಲ," ಎಂದಳು.

ಲೋಟವನ್ನು ಅವಳ ಬಾಯಿಗೆ ಹಿಡಿಯಬಹುದಿತ್ತು. ನಾನು ಮೇಲಿನಿಂದಲೇ ಹಾಕಿದೆ, ಮೊಳದೆತ್ತರದಿಂದ. ಒಂದು ಹೆಜ್ಜೆ ಹಿಂದೆಯೂ ಸರಿದಿದ್ದೆ. ಅವಳು ಕುಡಿದು "ಸಾಕವ್ವ" ಎಂದಳು. ನಾನು ಲೋಟ ಇಟ್ಟು ಓಡಿದೆ, ಹನ್ನೊಂದು ವರ್ಷದವಳಂತೆಯೇ. ನಾಳೆ ಬರೆಯುತ್ತೇನೆ, ನಾಳೆ ಖಂಡಿತ ಬರೆಯುತ್ತೇನೆ ಎಂದು ಬಸ್ಸಿನುದ್ದಕ್ಕೂ ಹೇಳಿಕೊಂಡೆ.

ಮರುದಿನ ನಾನು ಬರುವಷ್ಟರಲ್ಲಿ ಚಿಗವ್ವ ಹೋಗಿಬಿಟ್ಟಿದ್ದಳು. ಸಿಸ್ಟರ್ ನನ್ನ ಮೇಜಿನ ಮೇಲೆ ಪುಸ್ತಕ ತೆರೆದಿಟ್ಟು ಕಾಯುತ್ತಿದ್ದರು.

"ನಾನ್ ಬರೀಲಾ, ನೀನ್ ಬರೀತೀಯಾ?"

ಪೆನ್ನು ತೆಗೆದುಕೊಂಡು 'ಪ್ರತಿಭಾ, ಮಗಳು' ಎಂದು ಬರೆದೆ. ಬರೆದಾದ ಮೇಲೆ ಅಳು ಬಂತು. ಸಿಸ್ಟರ್ ಸಮಾಧಾನ ಮಾಡಲಿಲ್ಲ. ಚಿಗವ್ವನ ಮಂಚದ ಬಳಿ ಒಂದು ಬಕೆಟ್ ಬಿಸಿನೀರು, ಒಂದು ಟವೆಲ್ ತಂದಿಟ್ಟರು. ಪಕ್ಕದಲ್ಲಿ ಒಂದು ವಿಭೂತಿ ಗಟ್ಟಿ. ಎಲ್ಲಿಂದ ತರಿಸಿದ್ದರೋ.

"ನಿಮ್ಮೋರಿಗೆ ಇದು ಹಚ್ತಾರಲ್ವಾ?"

ಲೋಟದಲ್ಲಿ ನೀರು ತುಂಬಿಕೊಂಡೆ. ನನ್ನ ಕೈ ತಾನಾಗಿಯೇ ಮೇಲಕ್ಕೆ ಹೋಯಿತು, ಮೊಳದೆತ್ತರಕ್ಕೆ. ಸತ್ತವಳ ಮೇಲೂ ಮೇಲಿನಿಂದಲೇ. ಸಿಸ್ಟರ್ ನೋಡುತ್ತಿದ್ದರು. ಕೈಯನ್ನು ಇಳಿಸಲು ನನಗೆ ಬಹಳ ಹೊತ್ತು ಹಿಡಿಯಿತು. ಇಳಿಸಿದೆ, ಲೋಟದ ಅಂಚು ಅವಳ ಭುಜಕ್ಕೆ ತಾಗುವವರೆಗೆ. ಮುಖ ತೊಳೆದೆ. ವಿಭೂತಿ ಹಚ್ಚಿದೆ. ಗದ್ದದ ಚುಕ್ಕೆಗಳನ್ನು ಬೆರಳಿನಿಂದ ಒಂದು, ಎರಡು, ಮೂರು ಎಂದು ಎಣಿಸಿದೆ.

ಅಂದು ಸಂಜೆ ಮನೆಯಲ್ಲಿ ಎಲ್ಲ ಹೇಳಿದೆ. ನನ್ನ ಗಂಡ ಎರಡು ದಿನ ಮಾತಾಡಲಿಲ್ಲ, ವಿಷಯ ತಿಳಿದ ಶಿವಾನಿ ಇನ್ನೂ ಆಡಿಲ್ಲ. ಫ್ಲಾಸ್ಕು ಮನೆಯಲ್ಲಿದೆ. ಆಫೀಸಿನಲ್ಲಿ ಆ ಲೋಟದಲ್ಲೇ ಚಹಾ ಕುಡಿಯುತ್ತೇನೆ. ಆದರೂ ವಾರ್ಡಿನಲ್ಲಿ ಯಾರಾದರೂ ನೀರು ಕೇಳಿದರೆ ನನ್ನ ಕೈ ಮೊದಲು ಮೇಲಕ್ಕೇ ಹೋಗುತ್ತದೆ. ಪ್ರತಿ ಸಲ ನಾನೇ ಅದನ್ನು ಇಳಿಸಬೇಕು.