ಓಟಿನ ಆಣೆ

“ಬಾಯ್ ಬಿಡ್. ಇನ್ನೂ ಬಿಡ್. ನಾಲ್ಗಿ ಎತ್ತ್ ಹೆಣೆ, ನಾಲ್ಗಿ!”

ಪದ್ದು ನಾಲಿಗೆ ಎತ್ತಿದಳು. ಗೇರುಬೀಜ ಕಾರ್ಖಾನೆಯ ಸೂಪರ್‌ವೈಸರ್ ಪ್ರೇಮಾನಂದ ಮೊಬೈಲಿನ ಟಾರ್ಚು ಹಿಡಿದು, ಎತ್ತಿನ ಹಲ್ಲು ನೋಡುವ ದಲ್ಲಾಳಿಯ ಹಾಗೆ ಅವಳ ಬಾಯೊಳಗೆ ಇಣುಕಿದ. ಸಂಜೆ ಕೆಲಸ ಬಿಟ್ಟು ಹೋಗುವಾಗ ಪ್ರತಿಯೊಬ್ಬ ಹೆಂಗಸಿಗೂ ಈ ಮರ್ಯಾದೆ ಉಂಟು. ಹಲ್ಲಿನ ಸಂದಿಯಲ್ಲಿ ಬೀಜದ ಚೂರು ಕಂಡರೆ ಆ ದಿನದ ಕೂಲಿ ಹೋಯಿತು. ಕಾಣದಿದ್ದರೆ ಸೆರಗು ಕೊಡವಿ, ಬುತ್ತಿಪಾತ್ರೆ ಬೋರಲು ಹಾಕಿ ತೋರಿಸಿ ಗೇಟು ದಾಟಬಹುದು.

“ಥೂ, ಎಂತ ನಾತ ಮಾರಾಯ್ತಿ! ಎಂತ ತಿಂದದ್ದ್?”

“ಬಂಗ್ಡಿ ಮೀನಿನ್ ಸಾರ್. ನಿಂಗೂ ಒಂಚೂರ್ ತಕಂಬರ್ಕಿತ್ತಾ?”

ಹಿಂದೆ ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕೆಂದರು. ಪ್ರೇಮಾನಂದನ ಮುಖ ಕಪ್ಪಿಟ್ಟಿತು.

“ಆ ಹಡ್ಬಿ ಸುಗುಣ ಎಲೆಕ್ಷನ್ನಿಗ್ ನಿಂತದ್ದೇ ನಿಂತದ್ದ್, ನಿಮ್ಗೆಲ್ಲ ಕೋಡ್ ಬಂತ್. ಹೋಗ್ ಹೋಗ್, ಮುಂದ್ ನಡಿ.”

ಸುಗುಣ ಇದೇ ಸಾಲಿನಲ್ಲಿ ನಿಲ್ಲುತ್ತಿದ್ದವಳು. ಹೋದ ಮಳೆಗಾಲದಲ್ಲಿ ಒಂದು ಸಂಜೆ ಬಾಯಿ ಬಿಡು ಅಂದರೆ ಬಿಡಲಿಲ್ಲ. “ನಿನ್ ಅಮ್ಮನ್ ಬಾಯ್ ಕಾಣ್ ಹೋಗ್” ಎಂದು ಪ್ರೇಮಾನಂದನ ಕೈಗೆ ಒಂದು ಬಿಟ್ಟಳು. ಮೊಬೈಲು ಚರಂಡಿಗೆ ಬಿತ್ತು, ಸುಗುಣಳ ಕೆಲಸವೂ ಅದರ ಹಿಂದೆಯೇ ಹೋಯಿತು. ಆ ಚರಂಡಿಯೂ ಸಾಮಾನ್ಯದ್ದಲ್ಲ. ಬೀಜ ಬೇಯಿಸಿದ ಕಪ್ಪು ನೀರು ಕಾರ್ಖಾನೆಯ ಬೆನ್ನಿನಿಂದ ಹೊರಟು ಸೀದಾ ಈ ಹೆಂಗಸರ ಕಾಲನಿಗೆ ಇಳಿಯುತ್ತದೆ, ಕಾಲನಿಯ ಬಾವಿಗೆ ಇಂಗುತ್ತದೆ. ಕೊಡ ಎತ್ತಿದರೆ ನೀರಿನ ಮೇಲೆ ಎಣ್ಣೆಯ ಬಣ್ಣ ಹೊಳೆಯುತ್ತದೆ. ಮಕ್ಕಳ ಮೈಯ ಕಜ್ಜಿ ಒಂದು ಕಡೆ ಮಾಗಿದರೆ ಇನ್ನೊಂದು ಕಡೆ ಏಳುತ್ತದೆ. ಪುರಸಭೆಗೆ ಹೋಗಿ ಹೇಳಿದರೆ “ನೋಡುವ” ಎನ್ನುತ್ತಾರೆ. ಅವರು ನೋಡುತ್ತಲೇ ಇದ್ದಾರೆ. ವಾರ್ಡು ಈ ಸಲ ಹೆಂಗಸರಿಗೆ ಮೀಸಲು ಎಂದು ಗೊತ್ತಾದಾಗ ಸುಗುಣ, “ನಾನೇ ಒಳ್ಗ್ ಹೋಯಿ ಕೂಕಂತೆ, ಆಗ್ಳ್ ಕಾಂಬ” ಎಂದು ಪಕ್ಷೇತರಳಾಗಿ ನಿಂತಳು. ಕಾರ್ಖಾನೆಯ ಲೈಸೆನ್ಸು ಕೊಡುವುದು ಪುರಸಭೆಯೇ ಅಲ್ಲವೇ?

ಆ ಲೆಕ್ಕ ಯಜಮಾನ ಗುಣಪಾಲನಿಗೂ ಗೊತ್ತಿತ್ತು. ತನ್ನ ಹೆಂಡತಿ ವಿನಯಾಳನ್ನು ನಿಲ್ಲಿಸಿದ. ಪೋಸ್ಟರಿನಲ್ಲಿ ಅವಳ ಮುಖಕ್ಕಿಂತ ಇವನ ಮುಖವೇ ದೊಡ್ಡದು.

ಅವತ್ತು ಗೇಟಿನ ಹತ್ತಿರ ಅವನೇ ಕಾರಿನಿಂದ ಇಳಿದ.

“ಹ್ವಾಯ್, ಎಲ್ರೂ ಇಲ್ಕೇಣಿ. ಬೊಂಬಾಯಗೆ ನನ್ ಭಾವ ಕಾರ್ಪೊರೇಶನ್ನಿಗ್ ನಿಂತದ್ದ್ ಗೊತ್ತಿತ್ತಲ್ದಾ? ಚಾಳಿನ್ ಜನ ಸೀರಿ ತಕಂಡ್ರ್, ಬಿರಿಯಾನಿ ತಿಂದ್ರ್, ಓಟ್ ಇನ್ನೊಬ್ಬಂಗ್ ಹಾಕ್ರ್. ಎಂತಕ್ ಗೊತ್ತಿತ್ತಾ? ಅಲ್ಲಿ ಹಾಯ್ಗುಳಿ ಇಲ್ಲೆ. ಇಲ್ಲಿತ್ತ್.”

ಹಾಯ್ಗುಳಿ ಕಾಲನಿಯವರೂ ನಂಬಿದ ದೈವ, ಆದರೆ ದೈವದ ಮನೆಯ ಮೊಕ್ತೇಸರ ಗುಣಪಾಲ. ದೈವ ಎಲ್ಲರದ್ದು, ಬೀಗದ ಕೈ ಅವನದ್ದು.

“ನಾಳಿಗ್ ಹೊತ್ತ್ ಕಂತುಕೂ ಮುಂಚೆ ದೈವದ್ ಮನಿಗ್ ಬರ್ಕ್. ಓಟ್ ವಿನಯಂಗೇ ಅಂದೇಳಿ ಕಾಯ್ ಮುಟ್ಟಿ ಆಣಿ ಹಾಕ್ಕ್. ಮನ್ಯಗಿದ್ದ್ ಮುದ್ಕಿಯರ್ನೂ ಕರ್ಕಂಬನ್ನಿ. ಬರ್ದಿದ್ದವ್ಳ್ ಈ ಗೇಟಿನ್ ಹೊರ್ಗೇ.”

ಬಡವನ ಕೋಪ ದವಡೆಗೆ ಮೂಲ ಎಂದು ಪದ್ದು ಹಲ್ಲು ಕಚ್ಚಿ ಮನೆಗೆ ನಡೆದಳು.

*

ಸುಗುಣ ಪ್ರಚಾರ ಮುಗಿಸಿ ಬಂದು ಬಾವಿಕಟ್ಟೆಯಲ್ಲಿ ಕೂತಿದ್ದಳು. ನಡೆದೂ ನಡೆದೂ ಕಾಲು ಬಾತಿತ್ತು. ವಿಷಯ ಕೇಳಿ ನಕ್ಕಳು.

“ಹಾಕಿ ಪದ್ದಕ್ಕ, ಆಣಿ ಹಾಕಿ. ಮಿಷಿನ್ ಎದ್ರ್ ನಿಂತ್ ಯಾವ್ ಬಟನ್ ಒತ್ತಿದ್ರಿ ಅಂದ್ ಕಾಂಬುಕೆ ಯಾರಿದ್ರ್?”

“ಹಾಯ್ಗುಳಿ ಇತ್ತಲೆ!” ಪದ್ದುವಿಗೆ ಸಿಟ್ಟೇ ಬಂತು. “ನಿಂಗ್ ತಮಾಷಿ. ನನ್ ಮಗ್ಳ್ ಅರ್ಸಿನ್ ಕಾಮಾಲಿಯಗೆ ಸಾಯ್ತಿಪ್ಪತಿಗೆ ಬದ್ಕ್ಸಿ ಕೊಟ್ಟದ್ದ್ ಯಾರ್? ಅದ್ರ್ ಎದ್ರ್ ಸುಳ್ಳ್ ಹೇಳುಕೆ ನನ್ ಬಾಯಗ್ ಬತ್ತಿಲ್ಲೆ.”

“ಹಂಗಾರೆ ಹೋಪುದೇ ಬೇಡ.”

“ಹೋಗ್ದಿದ್ರೆ ಕೆಲ್ಸ ಹೋತ್ತ್. ನಿನ್ ಹಾಂಗೆ ಗಂಡನ್ ದುಡ್ಮಿ ನಂಗಿತ್ತಾ?”

ಸುಗುಣ ಬಾತ ಕಾಲು ಎಳೆದುಕೊಂಡು ಎದ್ದಳು. ಆಮೇಲೆ ಹೇಳಿದಳು: “ಹಂಗಾರೆ ನೀವ್ ವಿನಯಮ್ಮಂಗೇ ಹಾಕಿ ಪದ್ದಕ್ಕ. ನಾ ಬೇಜಾರ್ ಮಾಡ್ಕಂಬುದಿಲ್ಲ.”

ಆ ಮಾತು ಪದ್ದುವಿಗೆ ಬೈಗುಳಕ್ಕಿಂತ ಜೋರು ತಾಗಿತು. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಸುಗುಣಳನ್ನು ನಿಲ್ಲು ನಿಲ್ಲು ಎಂದು ಹುರಿದುಂಬಿಸಿದವಳು ಇವಳೇ. ಆಣೆ ಹಾಕಿ ಮಾತು ಉಳಿಸಿಕೊಂಡರೆ ಸುಗುಣಳಿಗೆ ಮೋಸ, ಉಳಿಸಿಕೊಳ್ಳದಿದ್ದರೆ ದೈವಕ್ಕೆ ಮೋಸ. ಅವಳ ಹತ್ತಿರ ಇದ್ದದ್ದು ಒಂದು ಓಟು. ಅದನ್ನೂ ನೆಮ್ಮದಿಯಲ್ಲಿ ಹಾಕಲು ಬಿಡದ ಹಲ್ಕಟರು!

ಪಕ್ಕದ ಜಗಲಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಪದ್ದುವಿನ ಅತ್ತೆ ಸುಂದರಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೀಜ ಒಡೆದೇ ಮುದುಕಿಯಾದವಳು, ಈಗ ಕಣ್ಣು ಮಂಜು.

“ದೈವಕ್ಕೆ ಸಾವ್ಕಾರ್ರ್ ಹೆದರ್ತ್ರಾ, ಸಾವ್ಕಾರ್ರಿಗೆ ದೈವ ಹೆದರ್ತ್ತಾ, ಇಷ್ಟ್ ವರ್ಷ ಆದ್ರೂ ನಂಗ್ ಗೊತ್ತಾಯ್ಲಿಲ್ಲ ಕಾಣ್,” ಎಂದಳು.

“ಸುಮ್ನಿರಿ ಅತ್ತಿ, ಕೇಂತ್ ಅದ್ಕೆ,” ಎಂದು ಪದ್ದು ಬೈದಳು.

*

ಓಟಿನ ಹಿಂದಿನ ಸಂಜೆ ಹೆಂಗಸರೆಲ್ಲ ದೈವದ ಮನೆಯ ಅಂಗಳದಲ್ಲಿ ಸೇರಿದರು. ಒಳಗೆ ದೀಪ ಉರಿಯುತ್ತಿತ್ತು. ದೈವದ ಎದುರಿನ ಜಗಲಿಯಲ್ಲಿ ಕಾಣಿಕೆ ಡಬ್ಬಿ, ಅದರ ಪಕ್ಕದಲ್ಲಿ ಒಂದು ನಾಯಿ ಮಲಗಿ ನಿದ್ದೆ ಹೊಡೆಯುತ್ತಿತ್ತು.

“ಹ್ವಾಯ್, ಮೆಟ್ಲ್ ಹತ್ಬೇಡಿ! ಅಲ್ಲೇ ಕೆಳ್ಗೇ ನಿಲ್ಲಿ,” ಎಂದ ಪಾತ್ರಿ ಮಂಜಯ್ಯ. ದೈವದ ಪೂಜೆ ಅವನದ್ದು. ಕಾಲನಿಯವರು ಕಾಣಿಕೆ ಹಾಕುವುದಿದ್ದರೂ ಕೆಳಗಿನ ಮೆಟ್ಟಿಲಿನ ಮೇಲೆ ಎಲೆ ಹಾಸಿ ಇಡಬೇಕು, ಅವನು ನೀರು ಚಿಮುಕಿಸಿ ಎತ್ತಿಕೊಂಡು ಹೋಗಿ ಡಬ್ಬಿಗೆ ಹಾಕುತ್ತಾನೆ. ಇವತ್ತು ಅದೇ ಎಲೆಯ ಮೇಲೆ ಆಣೆಯ ಕಾಯಿ ಕೂತಿತ್ತು.

ಗುಣಪಾಲ ತಡವಾಗಿ ಬಂದ. ಹಿಂದೆ ವಿನಯಾ, ಎಲ್ಲರಿಗೂ ಕೈಮುಗಿಯುತ್ತಾ, ಯಾರ ಮುಖವನ್ನೂ ನೋಡದೆ. ಇಬ್ಬರೂ ಮೆಟ್ಟಿಲು ಹತ್ತಿ ಮೇಲೆ ನಿಂತರು. ಮಂಜಯ್ಯ ಹತ್ತಿರ ಹೋಗಿ ಸಣ್ಣ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ, ಹೇಳಿದ:

“ಸಾವ್ಕಾರ್ರೆ, ಹೋದ್ವರ್ಷ ದೈವಕ್ಕ್ ಕೋಲ ಕೊಡ್ತೆ ಅಂದ್ ಹರ್ಕಿ ಹೇಳ್ಕಂಡದ್ದ್ ಬಾಕಿ ಇತ್ತಲೆ. ಅದ್ ಆಗ್ದೆ ಇನ್ನೊಂದ್ ಕೇಂಬುದ್ ಹ್ಯಾಂಗೆ?”

“ಹೌದಲ್ದಾ! ಈ ಎಲೆಕ್ಷನ್ ಗಲಾಟಿಯಗೆ ಮರ್ತೇ ಹೋಯ್ತ್ ಮಾರಾಯ್ರೆ.” ಗುಣಪಾಲ ಜೇಬಿನಿಂದ ಒಂದು ನೋಟು ಎಳೆದ, ಮಡಚಿ ಡಬ್ಬಿಗೆ ತುರುಕಿದ. “ಮಾತಿಗ್ ತಪ್ಪಿದೆ ಸ್ವಾಮಿ. ತಪ್ಪ್ ಕಾಣ್ಕಿ ಹಾಕಿದ್ದೆ, ಕ್ಷಮ್ಸ್ಕ.” ಕೈ ಮುಗಿದ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು, ಮುಗಿದ ಕೈಯಲ್ಲೇ ಎತ್ತಿ ಕಿವಿಗಿಟ್ಟುಕೊಂಡ.

ತಪ್ಪು ಕಾಣಿಕೆ ಈ ಕಡೆಯವರಿಗೆ ಹೊಸತಲ್ಲ. ಹೇಳಿಕೊಂಡದ್ದನ್ನು ನಡೆಸದವನು, ಮಾತು ಮುರಿದವನು, ದೈವದ ಎದುರು ಬಾಯಿಬಿಟ್ಟು ತಪ್ಪು ಹೇಳಿ ಕೈಯಲ್ಲಿದ್ದದ್ದನ್ನು ಡಬ್ಬಿಗೆ ಹಾಕಿದರೆ ದೈವ ಅವನನ್ನು ಬಿಡುತ್ತದೆ. ಪದ್ದುವೂ ಎಷ್ಟೋ ಸಲ ಎಲೆಯ ಮೇಲೆ ಚಿಲ್ಲರೆ ಇಟ್ಟವಳೇ. ಆದರೆ ಇಷ್ಟು ಹಗುರಾಗಿ ಯಾರಾದರೂ ಹಾಕಿದ್ದನ್ನು ಅವಳು ನೋಡಿರಲಿಲ್ಲ. ಅವಳು ರಾತ್ರಿಯಿಡೀ ಹೊರಳಾಡಿ ಬಂದದ್ದು ಇನ್ನೂ ಮಾಡದ ತಪ್ಪಿಗೆ. ಇವನು ಮಾಡಿ ಮುಗಿಸಿದ ತಪ್ಪಿಗೆ ಫೋನಿಗೆ ನಿಂತಷ್ಟು ಹೊತ್ತೂ ನಿಲ್ಲಲಿಲ್ಲ. ಅವಳಿಗೆ ಸಿಟ್ಟು ಬಂತು, ಗುಣಪಾಲನ ಮೇಲಲ್ಲ, ಒಳಗೆ ಕೂತಿದ್ದ ಹಾಯ್ಗುಳಿಯ ಮೇಲೆ. ಅವನದ್ದಾದರೆ ಅಷ್ಟು ಬೇಗ ಹೊಟ್ಟೆಗೆ ಹಾಕಿಕೊಳ್ಳುವೆಯಾ? ನಮ್ಮದಾದರೆ ಮಕ್ಕಳ ಮೇಲೆ ಏರಿ ಬರುವೆಯಾ?

“ಬನ್ನಿ ಬನ್ನಿ, ಒಬ್ಬೊಬ್ರೇ,” ಎಲೆಯ ಪಕ್ಕದಲ್ಲಿ ನಿಂತ ಪ್ರೇಮಾನಂದ ಕೂಗಿದ. ಅವನ ಬಗಲಲ್ಲಿ ಒಂದು ಚೀಲ. ಆಣೆ ಹಾಕಿದವಳಿಗೆ ಒಂದೊಂದು ಕವರು, ಒಳಗೆ ನೋಟು. “ಪದ್ದು, ಮುಂದ್ ಬಾ. ನಿನ್ ಬಾಯ್ ಅಲ್ದಾ ದೊಡ್ಡದ್? ನೀನೇ ಶುರು ಮಾಡ್.”

ಪದ್ದು ಮುಂದೆ ಬಂದಳು. ಕಾಯಿಯ ಮೇಲೆ ಕೈಯಿಟ್ಟಳು. ಬೀಜದ ಸೊನೆ ತಾಗಿ ಸುಲಿದ ಬೆರಳು ಕಾಯಿಯ ಜುಟ್ಟಿಗೆ ತಾಗಿ ಚುರುಗುಟ್ಟಿತು.

“ಹೇಳ್,” ಎಂದ ಗುಣಪಾಲ ಮೇಲಿನಿಂದ.

“ನನ್ ಓಟ್ ವಿನಯಮ್ಮಂಗೆ. ಹಾಯ್ಗುಳಿ ಆಣಿ.”

“ಹಾಂ, ಹಾಂಗೆ. ಕೊಡಾ ಅವ್ಳಿಗ್.”

ಪ್ರೇಮಾನಂದ ಕವರು ಕೊಟ್ಟ. ಪದ್ದು ಅದನ್ನು ಹಿಡಿದು ಒಂದು ಗಳಿಗೆ ನಿಂತಳು. ದಪ್ಪ ಕವರು. ಅತ್ತೆಯ ಕಣ್ಣಿನ ಮದ್ದು ಅದರೊಳಗಿತ್ತು, ಅಂಗಡಿಯ ಸಾಲ ಅದರೊಳಗಿತ್ತು. ಬೇಡ ಎನ್ನುವಷ್ಟು ಸಿರಿವಂತೆ ಅವಳಲ್ಲ. ಆದರೆ ನೀರಿಗಿಳಿದ ಮೇಲೆ ಚಳಿಯೇನು?

ಅವಳು ಪಕ್ಕಕ್ಕೆ ಸರಿಯಲಿಲ್ಲ. ಎಲೆಯನ್ನು ದಾಟಿ ಮೆಟ್ಟಿಲು ಹತ್ತಿದಳು.

“ಏಯ್! ಏಯ್! ಎಲ್ಲಿಗ್ ಬತ್ತೆ?” ಮಂಜಯ್ಯ ಎರಡೂ ಕೈ ಅಗಲಿಸಿ ಅಡ್ಡ ಬಂದ. ಅವಳು ನಿಲ್ಲದೆ ಬಂದದ್ದು ಕಂಡು, ಎಲ್ಲಿ ತಾಗುತ್ತಾಳೋ ಎಂದು ಅವನೇ ಹಿಂದೆ ಸರಿದ. ಅವರ ಮಡಿ ಇವಳಿಗೆ ಒಳ್ಳೆಯ ದಾರಿ ಬಿಡಿಸಿಕೊಟ್ಟಿತು. ನಾಯಿ ಎದ್ದು ಮೈ ಕೊಡವಿ ಜಾಗ ಕೊಟ್ಟಿತು.

ಪದ್ದು ಡಬ್ಬಿಯ ಎದುರು ನಿಂತು, ಅಂಗಳದ ಕೊನೆಯವಳಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

“ಹಾಯ್ಗುಳೀ, ಕೇಂತಾ? ಈಗ್ಳ್ ಹಾಕಿದ್ ಆಣಿ ನಾಳಿಗ್ ನಾ ಮುರಿತೆ. ನನ್ ಓಟ್ ಸುಗುಣಂಗೆ. ಕೆಲ್ಸ ತೆಗಿತೆ ಅಂದ್ ಹೆದ್ರಸಿ ಹಾಕ್ಸಿದ್ ಆಣಿ ಇದ್. ಹಂಗಾರೂ ತಪ್ಪ್ ತಪ್ಪೇ. ಕದ್ದ್ ಮಾಡುದಿಲ್ಲ, ನಿನ್ ಎದ್ರೇ ಹೇಳಿ ಮಾಡ್ತೆ. ತಪ್ಪ್ ಕಾಣ್ಕಿ ಇವತ್ತೇ ತಕೋ.”

ಕವರನ್ನು ಹಾಗೆಯೇ ಡಬ್ಬಿಯ ಬಾಯಿಗೆ ತುರುಕಿದಳು. ದಪ್ಪದ್ದಾದ್ದರಿಂದ ಸಿಕ್ಕಿಕೊಂಡಿತು. ಅಂಗೈಯಿಂದ ಎರಡು ಗುದ್ದು ಕೊಟ್ಟಾಗ ಒಳಗೆ ಬಿತ್ತು.

ಗುಣಪಾಲನ ಫೋನು ಇನ್ನೂ ಕಿವಿಯಲ್ಲೇ ಇತ್ತು. “ರಂಡೀ, ಇಳಿ ಕೆಳ್ಗ್! ದೈವದ್ ಜಾಗ ಹೊಲ್ಸ್ ಮಾಡ್ತೆ? ನಾಳಿಂದ ಕೆಲ್ಸಕ್ ಬರ್ಬೇಡ ನೀನ್!”

“ನಾಳಿಗ್ ಓಟ್ ಸಾವ್ಕಾರ್ರೆ,” ಎಂದಳು ಪದ್ದು. “ಸರ್ಕಾರವೇ ರಜಿ ಕೊಟ್ಟಿತ್ತ್.”

“ಮಂಜಯ್ಯಾ, ತೆಗಿ ಅದ್ನ! ಆ ದುಡ್ಡ್ ಹೊರ್ಗ್ ತೆಗಿ!”

ಮಂಜಯ್ಯ ಡಬ್ಬಿಯನ್ನು ನೋಡಿದ, ಗುಣಪಾಲನನ್ನು ನೋಡಿದ. ಊರವರ ಎದುರು ಹಬ್ಬದ ದಿನ ಮಾತ್ರ ತೆರೆಯುವ ಡಬ್ಬಿ ಅದು. ದೈವಕ್ಕೆ ಬಿದ್ದದ್ದನ್ನು ವಾಪಸು ತೆಗೆದವನು ಉದ್ಧಾರವಾದದ್ದಿಲ್ಲ ಎಂದು ವರ್ಷವಿಡೀ ಹೇಳಿಕೊಂಡು ಬಂದವನು ಅವನೇ. ದೀಪದ ಬತ್ತಿ ಸರಿಮಾಡಲು ಒಳಗೆ ಹೋದ. ವಿನಯಾ ಮೊದಲ ಸಲ ಪದ್ದುವಿನ ಮುಖ ನೋಡಿದಳು.

ಅಂಗಳದಿಂದ ಒಬ್ಬಳೂ ಮುಂದೆ ಬರಲಿಲ್ಲ. ಪದ್ದು ಮೇಲಿನಿಂದ ಅವರನ್ನೆಲ್ಲ ನೋಡಿದಳು. ಒಬ್ಬಳೇ ಆಗಿಬಿಟ್ಟೆನೇ, ನಾಳೆಯಿಂದ ಕಾಲನಿಯ ಬಾವಿಕಟ್ಟೆಯಲ್ಲೂ ಒಬ್ಬಳೇ ಆಗುವೆನೇ ಎಂದು ಹೆದರಿದಳು.

ಕೆಳಗೆ ಯಾರೋ ಕೋಲು ಕುಟ್ಟುವ ಸದ್ದು. ಸುಂದರಿ ತಡವರಿಸುತ್ತಾ ಬಂದು ಕಾಯಿಯನ್ನು ಹುಡುಕಿ ಅದರ ಮೇಲೆ ಕೈಯಿಟ್ಟಳು.

“ನನ್ ಓಟ್ ಸಾವ್ಕಾರ್ರ್ ಹೆಂಡ್ತಿಗೆ. ಆಣಿ.” ಕೈ ಚಾಚಿದಳು. “ಎಲ್ಲ್ಯಾ ಪ್ರೇಮಾನಂದ, ನಂದ್?”

ಪ್ರೇಮಾನಂದ ಯಜಮಾನನ ಮುಖ ನೋಡಿದ. ಮುದುಕಿ ಕಾಯಲಿಲ್ಲ. ಚೀಲಕ್ಕೇ ಕೈ ಹಾಕಿ ಒಂದು ಕವರು ಎಳೆದುಕೊಂಡು ಮೆಟ್ಟಿಲಿನ ಕಡೆ ತಿರುಗಿದಳು.

“ಹೆಣೆ, ಕೈ ಹಿಡಿ. ಈ ಮೆಟ್ಲ್ ನಾ ಯಾವತ್ತೂ ಹತ್ತಿದ್ದಿಲ್ಲ, ಎಷ್ಟ್ ಎತ್ರ ಇತ್ತ್ ಅಂದ್ ಗೊತ್ತಿಲ್ಲೆ.”

ಪದ್ದು ಕೆಳಗೆ ಬಾಗಿ ಅತ್ತೆಯ ಕೈ ಹಿಡಿದು ಮೇಲಕ್ಕೆ ಎಳೆದು ಡಬ್ಬಿಯ ಎದುರು ನಿಲ್ಲಿಸಿದಳು. ಗುಣಪಾಲ ಏನೋ ಕೂಗುತ್ತಿದ್ದ. ಅದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ, ಅಂಗಳದಲ್ಲಿ ಹೆಂಗಸರು ಸಾಲುಕಟ್ಟುವ ಗದ್ದಲ ಎದ್ದಿತ್ತು. ಮುಂದಿನವಳು ಆಗಲೇ ಕಾಯಿ ಮುಟ್ಟಿ ಆಣೆ ಹೇಳಿ ಮುಗಿಸಿ, ಚೀಲವನ್ನು ಎದೆಗವಚಿ ನಿಂತ ಪ್ರೇಮಾನಂದನ ಎದುರು ಕೈ ಒಡ್ಡಿದ್ದಳು.

“ಬೇಗ ಕೊಡಾ ಮಾರಾಯ,” ಎಂದಳು ಅವಳು. “ಹಿಂದ್ ಜನ ಕಾಯ್ತಿತ್ತ್.”