ಎದೆಗೆ ಅಂಟಿಸಿದ ಹೆಸರು

"ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಂಬಿಡಿ ಇಮ್ರಾನ್," ಎನ್ನುತ್ತ ಪ್ರಭಾಕರ ಹೆಸರಿನ ಚೀಟಿಯ ಹಿಂದಿನ ಕಾಗದ ಸುಲಿದು, ಒಪ್ಪಿಗೆಗೂ ಕಾಯದೆ, ಇಮ್ರಾನನ ಸ್ವೆಟರಿನ ಎದೆಗೆ ಒತ್ತಿಬಿಟ್ಟ. ಚೀಟಿಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ 'ಮುಕುಂದ್' ಎಂದಿತ್ತು.

"ಮುಕುಂದ್ ಮನೇಲಿ ಎಲ್ಲರಿಗೂ ಫ್ಲೂ, ಬರ್ತಿಲ್ಲ. ಗಂಡ, ಹೆಂಡ್ತಿ, ಮಗಳು, ಮೂರು ಚೀಟೀನೂ ಹಾಗೇ ಉಳ್ಕೊಂಡಿದೆ. ನೀವೂ ಮೂರೇ ಜನ. ದೇವರೇ ಮಾಡಿಸಿದ ಹಾಗಿದೆ ನೋಡಿ."

"ಯಾವ ದೇವರು?" ಅಂದಳು ಕಾರಿನ ಸ್ಟಿಯರಿಂಗ್ ಮುಂದೆ ಕೂತಿದ್ದ ಇಮ್ರಾನನ ಹೆಂಡತಿ ನಸ್ರೀನ್.

ಪ್ರಭಾಕರ ಕೇಳಿಸದವನಂತೆ ಕೈಯುಜ್ಜಿಕೊಂಡ. ಅಮೆರಿಕದ ಜೆರಿಕೋ ಊರಿನಲ್ಲಿ 1991ರ ಜನವರಿಯ ಆ ಭಾನುವಾರದ ಚಳಿ ಕಿವಿ ಕತ್ತರಿಸುವಂತಿತ್ತು. ಅವರು ನಿಂತಿದ್ದದ್ದು ಯಹೂದಿಗಳ ಪ್ರಾರ್ಥನಾ ಮಂದಿರ, ಸಿನಗಾಗ್ ಒಂದರ ಪಾರ್ಕಿಂಗ್ ಲಾಟಿನಲ್ಲಿ. ಅದು ಮೊದಲು ಚರ್ಚ್ ಆಗಿತ್ತಂತೆ. ಇಟ್ಟಿಗೆ ಗೋಡೆಯ ನೆತ್ತಿಯಲ್ಲಿ ಶಿಲುಬೆ ಕಿತ್ತ ಜಾಗ ಇನ್ನೂ ತಿಳಿಯಾಗಿ ಕಾಣುತ್ತಿತ್ತು. ಕನ್ನಡ ಕೂಟದ ಸಂಕ್ರಾಂತಿಗೆಂದು ಅದರ ಹಾಲ್ ಬುಕ್ ಮಾಡಿದಾಗ ಮರಗಳಲ್ಲಿ ಎಲೆಯಿತ್ತು, ಜಗತ್ತು ಶಾಂತವಾಗಿತ್ತು. ಈ ಬುಧವಾರ ರಾತ್ರಿ ಅಮೆರಿಕ ಬಾಗ್ದಾದಿನ ಮೇಲೆ ಬಾಂಬ್ ಹಾಕಿತು. ಗುರುವಾರ ಸಂಜೆ ಇರಾಕಿನ ಕ್ಷಿಪಣಿಗಳು ಇಸ್ರೇಲಿನ ಮೇಲೆ ಬಿದ್ದವು. ನಿನ್ನೆ ಸಂಜೆ ಯಹೂದಿಗಳ ಸಬ್ಬತ್ ವಿಶ್ರಾಂತಿ ಮುಗಿಯುತ್ತಲೇ ಹಾಲಿನ ಮ್ಯಾನೇಜರ್ ಪ್ರಭಾಕರನಿಗೆ ಫೋನ್ ಮಾಡಿ, ಬಾಗಿಲಲ್ಲಿ ಗಾರ್ಡ್ ಇರುತ್ತಾನೆ, ಬಂದವರೆಲ್ಲ ಎದೆಯ ಮೇಲೆ ಹೆಸರು ಹಾಕಿಕೊಂಡಿರಬೇಕು ಎಂದ. ಅಷ್ಟೇ ಅಂದದ್ದು. ಮುಸ್ಲಿಂ ಹೆಸರು ಕಂಡರೆ ತೊಂದರೆ ಎಂಬ ಮಿಕ್ಕದ್ದನ್ನೆಲ್ಲ ಕಮಿಟಿಯವರು ತಾವೇ ಕೂತು ಊಹಿಸಿಕೊಂಡರು.

ಅಡ್ಜಸ್ಟ್ ಎನ್ನುವುದು ಇಂಗ್ಲಿಷ್ ಪದ ಎಂದುಕೊಂಡವರು ಕನ್ನಡಿಗರನ್ನು ಸರಿಯಾಗಿ ಕಂಡವರಲ್ಲ. ಮೂವರ ಸೀಟಿನಲ್ಲಿ ನಾಲ್ಕನೆಯವನಿಗೆ ಜಾಗ ಮಾಡಿಕೊಡುವ ಪದ ಅದು. ಪ್ರಭಾಕರನೂ ಅದನ್ನು ಹಾಗೆಯೇ ಬಳಸಿದ್ದ. ಅವನೇನು ಕೆಟ್ಟವನಲ್ಲ. ಇಮ್ರಾನ್ ರಾಮನಗರದಿಂದ ಬಂದಿಳಿದಾಗ ವಿಮಾನ ನಿಲ್ದಾಣದಿಂದ ಮನೆಗೆ ಕರೆತಂದು ಹುಳಿ ಅನ್ನ ಹಾಕಿದವನು ಅವನೇ. ಸೇತುವೆ ತಪಾಸಣೆಯ ಕೆಲಸಕ್ಕೆ ಶಿಫಾರಸು ಮಾಡಿದವನೂ ಅವನೇ. ಇಷ್ಟೆಲ್ಲ ಮಾಡಿದವನ ಮುಂದೆ ಬೇಡ ಎನ್ನುವುದು ಹೇಗೆ?

"ಮುಕುಂದ್ ಹೆಂಡ್ತಿ ಹೆಸರು ಅಂಟಿಸ್ಕೊಂಡು ನಾನು ಎಳ್ಳು ಬೀರೋಕೆ ಬರಲ್ಲ," ಎಂದಳು ನಸ್ರೀನ್. "ನೀವಿಬ್ಬರು ಹೋಗಿ. ಮಗು ಹಾಡು ಹಾಳಾಗೋದು ಬೇಡ. ನಾನು ಇಲ್ಲೇ ಇರ್ತೀನಿ." ಕಾರಿನ ಇಂಜಿನ್ ಹೀಟರಿಗಾಗಿ ಗುರುಗುಡುತ್ತಲೇ ಇತ್ತು. ಅವಳು ಕಿಟಕಿ ಏರಿಸಿಕೊಂಡಳು.

ಮಗಳು ಸಮೀನಾಳ ಎದೆಗೆ 'ವಿಜಿ' ಬಂತು. ಏಳು ವರ್ಷದ ಹುಡುಗಿ ತಲೆ ಬಗ್ಗಿಸಿ ಓದಿಕೊಂಡಳು. "ಬಟ್ ದಟ್ಸ್ ನಾಟ್ ಮಿ," ಎಂದಳು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಅವಳಿಗೆ ಎರಡು ಕನ್ನಡ ವಾಕ್ಯಗಳ ಮೇಲೆ ಮಾತ್ರ ಬಹಳ ಅಭಿಮಾನ. ಹಾಡುವ ಮೊದಲು ಮಕ್ಕಳೆಲ್ಲ ತಮ್ಮ ಹೆಸರು, ಊರು ಹೇಳುವುದು ಕೂಟದ ರೂಢಿ. 'ನನ್ನ ಹೆಸರು ಸಮೀನಾ. ನಮ್ಮೂರು ರಾಮನಗರ.' ಮನೆಯಿಂದ ಇಲ್ಲಿಯವರೆಗೂ ಕಾರಿನಲ್ಲಿ ಅದನ್ನೇ ರಾಗವಾಗಿ ಹೇಳುತ್ತ ಬಂದಿದ್ದಳು.

"ಇದೊಂದು ಆಟ ಬೇಟಾ," ಎಂದ ಇಮ್ರಾನ್. ಹೇಳಿದವನಿಗೇ ಹೇಸಿಗೆಯಾಯಿತು.

ಬಾಗಿಲಲ್ಲಿ ಗಾರ್ಡ್ ಇದ್ದ. ಪೊಲೀಸ್ ಕೆಲಸದಿಂದ ರಿಟೈರ್ ಆದ ಎತ್ತರದ ಆಳು, ಕೊರಳಲ್ಲಿ ಸಣ್ಣ ಶಿಲುಬೆ. ಅವನ ಪಕ್ಕ ಹಾಲಿನ ಮ್ಯಾನೇಜರ್, ಎಪ್ಪತ್ತರ ಹತ್ತಿರದ ಮುದುಕ, ತಲೆಯ ಮೇಲೆ ಯಹೂದಿಗಳ ಪುಟ್ಟ ಟೋಪಿ, ಕಿಪ್ಪಾ. ಬಂದವರಿಗೆ ಹೇಳಿದ ನಿಯಮವನ್ನು ತಾನೂ ಪಾಲಿಸಿ ಎದೆಗೊಂದು ಚೀಟಿ ಅಂಟಿಸಿಕೊಂಡಿದ್ದ. ಅದನ್ನು ಓದಿ ಇಮ್ರಾನ್ ಒಂದು ಹೆಜ್ಜೆ ತಪ್ಪಿದ. 'ಸಲೀಂ.' ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಅವನ ಚಾಚಾನ ಹೆಸರೂ ಅದೇ.

"ಮಿಸ್ಟರ್ ಮುಕುಂದ್, ಸ್ವಾಗತ," ಎಂದ ಸಲೀಂ, ಇಮ್ರಾನನ ಕೈಯಲ್ಲಿದ್ದ ಪೆಟ್ಟಿಗೆ ನೋಡುತ್ತ. "ಪೆಟ್ಟಿಗೆಯಲ್ಲೇನು?"

"ಹಾರ್ಮೋನಿಯಂ."

"ಸಂಗೀತ. ಒಳ್ಳೆಯದು, ಹೋಗಿ." ಸಾಲು ಉದ್ದವಿತ್ತು. ಗಾರ್ಡ್ ಪೆಟ್ಟಿಗೆಯನ್ನು ತಟ್ಟಿ ನೋಡಿ ಬಿಟ್ಟ.

ಪಕ್ಕದಲ್ಲೇ ಸಲೀಮನ ಆಫೀಸು. ಒಳಗೆ ಟೀವಿ ಸದ್ದಿಲ್ಲದೆ ಓಡುತ್ತಿತ್ತು. ಮುಖಕ್ಕೆ ಗ್ಯಾಸ್ ಮಾಸ್ಕ್ ಹಾಕಿದ ಒಂದು ಮನೆಯವರು ಕಂಡರು. ಆಮೇಲೆ ರಾತ್ರಿ ಕ್ಯಾಮೆರಾದ ಹಸಿರು ಆಕಾಶ, ಅದರಲ್ಲಿ ಬೆಂಕಿಯ ಚುಕ್ಕಿಗಳು. ಪ್ರಭಾಕರ ಸೌಜನ್ಯಕ್ಕೆಂದು, ಅಲ್ಲಿ ನಿಮ್ಮವರು ಯಾರಾದರೂ ಇದ್ದಾರಾ ಎಂದು ಕೇಳಿದ.

"ತಮ್ಮ ಇಸ್ರೇಲಿನ ರಾಮತ್ ಗಾನಿನಲ್ಲಿದ್ದಾನೆ. ಬೆಳಗಿನಿಂದ ಫೋನ್ ಸಿಗುತ್ತಿಲ್ಲ," ಎಂದ ಸಲೀಂ. ಟೀವಿಯ ಹಸಿರು ಆಕಾಶದತ್ತ ಗಲ್ಲ ಎತ್ತಿ, "ಅದು ಬಾಗ್ದಾದ್. ನಾನು ಹುಟ್ಟಿದ್ದು ಅಲ್ಲಿ," ಎಂದ.

ಇಮ್ರಾನ್ ಮಗಳ ಕೈ ಹಿಡಿದು ಬೇಗಬೇಗ ಒಳಗೆ ನಡೆದ.

ಹಾಲಿನಲ್ಲಿ ರೇಷ್ಮೆ ಸೀರೆಗಳ ಸರಬರ, ಅವರೆಕಾಳಿನ ಘಮ. ಪ್ರಭಾಕರನ ತಾಯಿ ಲಕ್ಷ್ಮಮ್ಮ ಹಾಸನದಿಂದ ಬಂದು ಚಳಿಗಾಲಕ್ಕೆ ಸಿಕ್ಕಿಕೊಂಡಿದ್ದರು. ತಟ್ಟೆ ಹಿಡಿದು ಎದುರಿಗೇ ಬಂದರು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಪ್ಪಾ ಇಮ್ರಾ..."

"ಅಮ್ಮಾ!" ಪ್ರಭಾಕರ ಹಾರಿ ಬಂದ. "ಮುಕುಂದ್. ಇವತ್ತು ಮುಕುಂದ್."

"ಅಯ್ಯೋ, ಮುಕುಂದನಿಗೆ ಜ್ವರ ಅಂದ್ಯಲ್ಲೋ?"

"ಸುಮ್ನಿರಮ್ಮ ಸ್ವಲ್ಪ!"

ಗಾರ್ಡ್ ಒಳಬಂದು ಹಿಂಬದಿಯ ಗೋಡೆಗೆ ಒರಗಿದ್ದವನು ಇತ್ತ ತಿರುಗಿ ನೋಡಿದ. ಇಮ್ರಾನ್ ಎಳ್ಳನ್ನು ಬಾಯಿಗೆ ಹಾಕಿಕೊಂಡ.

ಪ್ರಾರ್ಥನೆ ಆಯಿತು, ಕಮಿಟಿಯ ಭಾಷಣ ಆಯಿತು. ಇಮ್ರಾನ್ ವೇದಿಕೆಯ ಕೆಳಗೆ ಹಾರ್ಮೋನಿಯಂ ಮುಂದೆ ಕೂತಿದ್ದ. ಬೇಗ ಹಾಡಿಬಿಡಲಿ, ಬೇಗ ಮುಗಿದುಬಿಡಲಿ ಎನ್ನುವುದೊಂದೇ ಅವನ ಹಾರೈಕೆ. ಪ್ರಭಾಕರ ಮೈಕನ್ನು ಸಮೀನಾಳ ಎತ್ತರಕ್ಕೆ ಇಳಿಸಿದ.

"ಹೇಳು ಪುಟ್ಟಿ, ನಿನ್ನ ಹೆಸರು?"

"ನನ್ನ ಹೆಸರು..." ಎಂದು ಶುರುಮಾಡಿದ ಸಮೀನಾ ನಿಂತಳು. ತಲೆ ಬಗ್ಗಿಸಿ ಎದೆಯ ಚೀಟಿ ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಮೈಕು ಅವಳ ತುಟಿಗೆ ತಾಗುವಷ್ಟು ಹತ್ತಿರವಿತ್ತು.

"ಡ್ಯಾಡಿ, ವಿಚ್ ವನ್ ಶುಡ್ ಐ ಸೇ?"

ಹಾಲಿಡೀ ಕೇಳಿತು. ಇಂಗ್ಲಿಷಾದ್ದರಿಂದ ಕೇಳಬಾರದವರಿಗೂ ಅರ್ಥವಾಯಿತು. ಗಾರ್ಡ್ ಗೋಡೆ ಬಿಟ್ಟು ನೆಟ್ಟಗಾದ. ಪ್ರಭಾಕರ ಮೈಕಿನ ಹಿಂದಿನಿಂದ, "ವಿಜಿ ಅನ್ನು, ವಿಜಿ ಅನ್ನು," ಎಂದು ಪಿಸುಗುಟ್ಟಿದ್ದೂ ಸ್ಪೀಕರಿನಲ್ಲಿ ಬಂತು.

ಇಮ್ರಾನ್ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಗು ವಿಜಿ ಎನ್ನುತ್ತಿತ್ತು, ಎಲ್ಲರೂ ನಗುತ್ತಿದ್ದರು, ಹಬ್ಬ ಸಾಗುತ್ತಿತ್ತು. ಆದರೆ ಆ ಕಣ್ಣುಗಳು ಅವನನ್ನೇ ನೋಡುತ್ತಿದ್ದವು, ಅಪ್ಪ ಹೇಳಿದ್ದೇ ನಿಜ ಎಂದು ನಂಬಿಕೊಂಡು. ಅವನು ಎದ್ದು ನಿಂತ. ಚೀಟಿಯನ್ನು ಎಳೆದು ಕಿತ್ತ. ಅದರೊಂದಿಗೆ ಸ್ವೆಟರಿನ ಉಣ್ಣೆಯೂ ಒಂದಿಷ್ಟು ಕಿತ್ತು ಬಂತು.

"ನಿನ್ನ ಹೆಸರೇ ಹೇಳು ಬೇಟಾ."

ಸಮೀನಾ ಮೈಕಿನಿಂದ ಹಿಂದೆ ಸರಿದಳು. "ನಾಟ್ ವಿದೌಟ್ ಅಮ್ಮಿ," ಎಂದು ಕೈಕಟ್ಟಿ ನಿಂತಳು.

"ಸರ್, ಆ ಪೆಟ್ಟಿಗೆಯಿಂದ ದೂರ ಬನ್ನಿ," ಎಂದ ಗಾರ್ಡ್. ಕೈ ಸೊಂಟಕ್ಕೆ ಹೋಗಿತ್ತು. ಮುಂದಿನ ಸಾಲಿನವರು ಮಕ್ಕಳನ್ನು ಎಳೆದುಕೊಂಡರು. ಎಷ್ಟೋ ವರ್ಷ ಅವನ ಹಾರ್ಮೋನಿಯಮ್ಮಿಗೆ ತಲೆದೂಗಿದವರೇ!

ಸಲೀಂ ನಡುವಿನ ದಾರಿಯಲ್ಲಿ ನಿಧಾನವಾಗಿ ನಡೆದು ಬಂದ. "ನಿನ್ನ ಹೆಸರೇನು?"

"ಇಮ್ರಾನ್. ಇಮ್ರಾನ್ ಅಹ್ಮದ್."

ಮುದುಕನ ಮುಖ ಬಿಳಿಚಿತು. ಪ್ರಭಾಕರ ವೇದಿಕೆಯಿಂದ ಧುಮುಕಿ ಬಂದ. "ಸರ್, ಹಿ ಈಸ್ ಎ ವೆರಿ ಗುಡ್ ಮುಸ್ಲಿಂ! ನಮ್ಮ ಥರಾನೇ!"

"ನಾನು ಧರ್ಮ ಕೇಳಿದೆನಾ?" ಸಲೀಂ ಅವನತ್ತ ತಿರುಗಿದ. ಅವನ ಇಂಗ್ಲಿಷಿನಲ್ಲಿ ಅರಬ್ಬಿಯ ಗಡಸು ಇತ್ತು. "ಹೆಸರು ಕೇಳಿದೆ. ಒಂದೇ ಒಂದು ಕೇಳಿದೆ. ಬಾಗಿಲಲ್ಲೇ ಇಮ್ರಾನ್ ಎಂದಿದ್ದರೆ ಇವನ ಪೆಟ್ಟಿಗೆ ನೋಡುತ್ತಿದ್ದೆ, ನಿನ್ನದನ್ನೂ ನೋಡುತ್ತಿದ್ದೆ, ಆಮೇಲೆ ಚಹಾ ಕೊಡುತ್ತಿದ್ದೆ. ಈಗ ಇಲ್ಲಿರುವ ಯಾವ ಎದೆಯನ್ನು ನಂಬಲಿ ಹೇಳು?"

ಪ್ರಭಾಕರ ತನ್ನ ಎದೆಯ ಚೀಟಿಯತ್ತ ನೋಡಿಕೊಂಡ.

ಗಾರ್ಡ್ ಹಾರ್ಮೋನಿಯಮ್ಮಿನ ಮುಚ್ಚಳ ಎತ್ತಿದ. ತಿದಿಯ ಹಿಂದೆ ಟಾರ್ಚ್ ಬಿಟ್ಟ. ಬೆರಳು ತಾಗಿ ಒಂದು ಸ್ವರ ನರಳಿತು, ಯಾರೋ ಮಗು ಕಿಸಕ್ಕನೆ ನಕ್ಕು ಏಟು ತಿಂದಿತು. ಪೆಟ್ಟಿಗೆಯ ಮೂಲೆಯಿಂದ ಸಿಕ್ಕಿದ್ದು ಸಮೀನಾಳ ಕಳೆದುಹೋದ ಕೆಂಪು ಉಣ್ಣೆಯ ಕೈಗವಸು. ಗಾರ್ಡ್ ಅದನ್ನು ತಿರುಗಿಸಿ ನೋಡಿ ಇಮ್ರಾನನ ಕೈಗೆ ಕೊಟ್ಟ.

ಸಲೀಂ ಮುಂದಿನ ಸಾಲಿನ ಕುರ್ಚಿಯೊಂದರಲ್ಲಿ ಕುಸಿದಂತೆ ಕೂತ. "ನಿಜ ಹೇಳುತ್ತೇನೆ. ಇವತ್ತು ಇಂಥ ಹೆಸರು ಕೇಳಿದರೆ ನನಗೆ ಭಯವಾಗುತ್ತೆ. ನನ್ನ ತಮ್ಮ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ," ಎಂದ. "ಇಮ್ರಾನ್. ನಮ್ಮಲ್ಲಿ ಅದು ಅಮ್ರಾಮ್. ನಮ್ಮ ಪ್ರವಾದಿ ಮೋಶೆಯ ಅಪ್ಪ. ಮೋಶೆಯ ಮನೆಗೆ ಬರುವಾಗ ಮೋಶೆಯ ಅಪ್ಪನ ಹೆಸರು ಹೊರಗೆ ಬಿಟ್ಟು ಬಂದೆಯಲ್ಲ!"

"ನಮ್ಮಲ್ಲಿ ಮರ್ಯಮ್ಮಳ ತಂದೆಗೂ ಅದೇ ಹೆಸರು," ಎಂದ ಇಮ್ರಾನ್. "ಈಸಾನ ತಾಯಿ, ಮರ್ಯಮ್."

"ಮೇರಿಯ ತಂದೆ ಜೋಕಿಮ್," ಎಂದ ಗಾರ್ಡ್, ಯಾರೂ ಕೇಳದೆಯೇ. ಎಲ್ಲರೂ ತನ್ನನ್ನೇ ನೋಡಿದ್ದಕ್ಕೆ ಕೆಂಪಾಗಿ, "ನಮ್ಮಮ್ಮ ಹಾಗೆ ಹೇಳಿಕೊಟ್ಟಿದ್ದು," ಎಂದ.

"ಏನೋ ಅದು ಜಗಳ?" ಎಂದು ಲಕ್ಷ್ಮಮ್ಮ ಮಗನ ತೋಳು ಜಗ್ಗಿದರು.

"ಯಾರಪ್ಪ ಯಾರು ಅಂತ, ಅಮ್ಮ. ಮೂರು ಧರ್ಮಕ್ಕೂ ಅವರೇ ಹಿರೀಕರಂತೆ."

"ಅದಕ್ಕೇ ಇಷ್ಟು ಹೊಡೆದಾಟ," ಎಂದರು ಲಕ್ಷ್ಮಮ್ಮ. "ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೀತಾ ದಾಯಾದಿಗಳು. ಪರರ ಜೊತೆ ಯಾರು ಇಷ್ಟು ಜಗಳ ಆಡ್ತಾರೆ?"

ಮುದುಕ ಅದೇನೆಂದು ಕೇಳಿದ. ಪ್ರಭಾಕರ ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಿದ. ಸಲೀಂ ನಗಲಿಲ್ಲ. ತಲೆಯಾಡಿಸಿದ, ಅಷ್ಟೇ.

ಆಮೇಲೆ ವೇದಿಕೆಯ ಮೇಲೆ ಕೈಕಟ್ಟಿ ನಿಂತ ಸಮೀನಾಳನ್ನು ನೋಡುತ್ತ, ಇಮ್ರಾನನಿಗೆ ಮಾತ್ರ ಕೇಳುವಂತೆ ಹೇಳಿದ: "ಐವತ್ತು ವರ್ಷದ ಹಿಂದೆ ಬಾಗ್ದಾದಿನಲ್ಲಿ ಯಹೂದಿಗಳ ಮನೆ ಲೂಟಿ ಮಾಡಿದ ದಿನ ನಾನು ಬೀದಿಯಲ್ಲಿದ್ದೆ. ಮೀಸೆ ಆಗಷ್ಟೇ ಮೂಡಿತ್ತು. ಕತ್ತಿ ಹಿಡಿದವರು ನಿಲ್ಲಿಸಿ ಹೆಸರು ಕೇಳಿದರು. ಸಲೀಂ ಎಂದೆ. ಅದು ಅವರಲ್ಲೂ ಇರುವ ಹೆಸರು. ಬಿಟ್ಟರು. ನಾನು ಸುಳ್ಳು ಹೇಳಲಿಲ್ಲ, ನನ್ನ ಹೆಸರನ್ನೇ ಹೇಳಿದೆ. ಆದರೂ ಅವತ್ತಿನಿಂದ ಹೆಸರು ಹೇಳುವಾಗೆಲ್ಲ ಏನನ್ನೋ ಕದ್ದವನ ಹಾಗೆ ಆಗುತ್ತೆ. ಈ ಮಗುವಿಗೆ ಅದು ಬೇಡ."

ಇಮ್ರಾನನ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.

ಸಲೀಂ ಅಂಗಿಯ ಜೇಬಿನಿಂದ ಖಾಲಿ ಚೀಟಿಗಳನ್ನೂ ಪೆನ್ನನ್ನೂ ತೆಗೆದ. ಇಂಗ್ಲಿಷಿನಲ್ಲಿ ಇಮ್ರಾನ್ ಎಂದು ಬರೆದು, ತುಸು ತಡೆದು, ಅದರ ಕೆಳಗೆ ಬಲದಿಂದ ಎಡಕ್ಕೆ ಅರಬ್ಬಿಯಲ್ಲಿ ಅದೇ ಹೆಸರು ಬರೆದ. ಅಕ್ಷರ ದುಂಡಗಿತ್ತು. "ನಮ್ಮಪ್ಪನ ಅಂಗಡಿಯ ಬೋರ್ಡು ಇದೇ ಅಕ್ಷರದಲ್ಲಿತ್ತು," ಎಂದ. ಸಮೀನಾಳಿಗೊಂದು ಬರೆದ. "ಹೊರಗೆ ಯಾರಿದ್ದಾರೆ?"

"ನನ್ನ ಹೆಂಡತಿ. ಕಾರಿನಲ್ಲಿ. ನಸ್ರೀನ್."

ಅದನ್ನೂ ಬರೆದು ಗಾರ್ಡಿನ ಕೈಗೆ ಕೊಟ್ಟ. "ಇವನ ಜೊತೆ ಹೋಗು. ಕಾರನ್ನೂ ನೋಡು. ಪೂರ್ತಿ ನೋಡು," ಎಂದ.

ಪಾರ್ಕಿಂಗ್ ಲಾಟಿನಲ್ಲಿ ಕಾರು ಇನ್ನೂ ಗುರುಗುಡುತ್ತಿತ್ತು. ಗಂಡನ ಹಿಂದೆ ಗಾರ್ಡ್ ಬರುವುದನ್ನು ಕಂಡು ನಸ್ರೀನ್ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡಳು. ಇಮ್ರಾನ್ ಏನೋ ಹೇಳಲು ಹೋದ. ಗಾರ್ಡ್ ಬೇಡವೆಂದು ಕೈ ತೋರಿಸಿದ. ಡಿಕ್ಕಿ ತೆಗೆಸಿದ. ಹಿಮ ಎತ್ತುವ ಸಲಿಕೆ, ಸ್ಪೇರ್ ಟೈರು, ಎಳ್ಳು ಬೀರಲೆಂದು ಅವಳೇ ಕತ್ತರಿಸಿ ಒಣಗಿಸಿ ಪೊಟ್ಟಣ ಕಟ್ಟಿದ ಕೊಬ್ಬರಿ, ಬೆಲ್ಲ, ಕಡಲೆ. ಒಂದು ಪೊಟ್ಟಣ ಬಿಚ್ಚಿ ಮೂಸಿ ನೋಡಿ ಮತ್ತೆ ಕಟ್ಟಿದ. ಆಮೇಲೆ ಕಿಟಕಿಗೆ ಬಂದು ಬಗ್ಗಿದ.

"ಮ್ಯಾಡಂ, ನಿಮ್ಮ ಹೆಸರು?"

ನಸ್ರೀನ್ ಗಾಜು ಪೂರ್ತಿ ಇಳಿಸಿದಳು. ಚಳಿಗಾಳಿ ನುಗ್ಗಿ ಅವಳ ಸೆರಗು ಹಾರಿತು.

"ನಸ್ರೀನ್. ನಸ್ರೀನ್ ಅಹ್ಮದ್."

ಗಾರ್ಡ್ ಚೀಟಿ ನೋಡಿದ, ಅವಳ ಮುಖ ನೋಡಿದ. "ಸರಿಯಾಗಿದೆ," ಎಂದು ಚೀಟಿಯನ್ನು ಕಿಟಕಿಯೊಳಗೆ ಚಾಚಿದ.

ಅವಳು ತಕ್ಷಣ ತೆಗೆದುಕೊಳ್ಳಲಿಲ್ಲ. ಮೊದಲು ಗಂಡನ ಎದೆ ನೋಡಿದಳು. ಉಣ್ಣೆ ಕಿತ್ತ ಜಾಗದ ಮೇಲೆ ಹೊಸ ಚೀಟಿ ಸರಿಯಾಗಿ ಕೂರದೆ ಗಾಳಿಗೆ ಮೂಲೆ ಎದ್ದಿತ್ತು. ಕಿಟಕಿಯಿಂದ ಕೈ ಚಾಚಿ ಆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು. ಆಮೇಲೆ ತನ್ನ ಚೀಟಿ ತೆಗೆದುಕೊಂಡು, ಕೀಲಿ ತಿರುಗಿಸಿ ಇಂಜಿನ್ ಆರಿಸಿದಳು.